ಮೊಣಕೈಯ ಒಂದು ತೊಟ್ಟು

ಅಕ್ಕಾ,

ಪಾಪುವಿನ ಕೆನ್ನೆಗೆ ಆ ಹೂವಿನೆಣ್ಣೆ ಹಚ್ಚಬೇಡ. ಥೇಟ್ ಅಜ್ಜಿಯ ಹಾಗೆಯೇ ಕಾಯಿಸಿದ್ದೀಯ. ಪರಿಮಳಕ್ಕೆ ಮನಸ್ಸು ತಡೆಯದೆ ನಿನ್ನೆ ಕುತ್ತಿಗೆಗೆ ಹಚ್ಚಿಕೊಂಡೆ, ಬೆಳಿಗ್ಗೆ ನೋಡಿದರೆ ಕೆಂಪು ದದ್ದು. ಗಿಡದ್ದು ಅಂದ ಮಾತ್ರಕ್ಕೆ ಎಲ್ಲರ ಮೈಗೂ ಒಗ್ಗುವುದಿಲ್ಲ ಕಣೇ.

ನೆನಪಿದೆಯಾ? ಹೊಸ ಎಣ್ಣೆ ಕಾಯಿಸಿದಾಗಲೆಲ್ಲ ಅಜ್ಜಿ ನಿನಗೆ ಮೈತುಂಬ ಹಚ್ಚುತ್ತಿದ್ದಳು. ನನಗೆ ಮಾತ್ರ ಮೊಣಕೈ ಒಳಗೆ ಒಂದೇ ತೊಟ್ಟು. ಮರುದಿನ ಅಲ್ಲೇ ಕಣ್ಣಿಟ್ಟು ನೋಡಿ, "ನಿಂಗೆ ಬೇಡ, ಹೋಗೇ ಕೋತಿ" ಅನ್ನುತ್ತಿದ್ದಳು. ಅವಳಿಗೆ ನೀನೇ ಮುದ್ದು ಎಂದು ಎಷ್ಟು ಅತ್ತಿದ್ದೆ! ಅದು ತಾತ್ಸಾರವಲ್ಲ, ಪರೀಕ್ಷೆ ಎಂದು ಇವತ್ತು ಹೊಳೆಯಿತು.

ಪಾಪುವಿಗೆ ನನ್ನದೇ ಚರ್ಮ ಎನ್ನುತ್ತೀಯಲ್ಲ, ಡಾಕ್ಟರನ್ನು ಕೇಳಿ ಬರುತ್ತೇನೆ. ಸೀಸೆ ಎಸೆಯಬೇಡ. ಸಂಜೆ ನಿನ್ನ ತಲೆಗೆ ಹಚ್ಚಿಕೊಂಡು ನನ್ನ ಪಕ್ಕ ಕೂತಿರು, ನನಗೆ ಪರಿಮಳವಷ್ಟೇ ಸಾಕು.