ನಮ್ಮ ಅತ್ತೆಯ ದನಿಯನ್ನು ಕಪಾಟಿಗೆ ಹಾಕಿ ಬೀಗ ಜಡಿದವರಿಗೆ

ಮಾನ್ಯರೇ,

ಕಳೆದ ವಾರ ತಮ್ಮ ಕಚೇರಿ ನಮ್ಮ ಅತ್ತೆಯಿಂದ ಲ್ಯಾಪ್‌ಟಾಪ್ ಕಿತ್ತುಕೊಂಡಿತು. ಅದನ್ನು ನಾವು ಮಾರಿರಲಿಲ್ಲ, ಒಡೆದಿರಲಿಲ್ಲ, ಅಡವಿಟ್ಟಿರಲಿಲ್ಲ. ಹೊಸ ಲ್ಯಾಪ್‌ಟಾಪಿಗೆ ಹಳೆಯ ಆಪರೇಟಿಂಗ್ ಸಿಸ್ಟಂ ಹಾಕಿಸಿದ್ದೇ ನಮ್ಮ ಅಪರಾಧ. ಮಾತು ಬಾರದವರಿಗೆ ಸಾಧನ ಹಂಚಲೆಂದೇ ಇರುವ ಕಚೇರಿಯ ಮುಖ್ಯಸ್ಥರು ತಾವು. ಮಾತು ಬಾರದವರ ಕೈಯಿಂದ ಮಾತನ್ನೇ ಕಸಿದುಕೊಂಡು ರಸೀದಿ ಕೊಟ್ಟು ಕಳಿಸಿದ್ದೀರಿ. ರಸೀದಿ ಅಚ್ಚುಕಟ್ಟಾಗಿದೆ. ಅಭಿನಂದನೆಗಳು.

ತಮ್ಮ ಕಡತದಲ್ಲಿ ನಮ್ಮ ಅತ್ತೆಯ ಹೆಸರು 'ಫಲಾನುಭವಿ'. ನಮ್ಮ ಬೀದಿಯಲ್ಲಿ ಅವರು ಹೊಲಿಗೆ ಟೀಚರ್. ಮನೆಯ ಮುಂದಿನ ಕೋಣೆಯಲ್ಲಿ ಸಾಲಾಗಿ ಹೊಲಿಗೆ ಯಂತ್ರ ಹಾಕಿಕೊಂಡು, ಕಲಿಯಲು ಬಂದ ಹೆಣ್ಣುಮಕ್ಕಳಿಗೆ ಹೊಲಿಗೆಯನ್ನೂ ಅದರ ಎರಡರಷ್ಟು ಬೈಗುಳವನ್ನೂ ಧಾರೆಯೆರೆದವರು. ಗಂಟಲಿನಲ್ಲಿ ಗಡ್ಡೆ ಬೆಳೆದು, ಧ್ವನಿಪೆಟ್ಟಿಗೆ ತೆಗೆಯಲೇಬೇಕೆಂದು ವೈದ್ಯರು ಹೇಳಿದಾಗ, ಆಸ್ಪತ್ರೆಯ ಮಾತಿನ ಚಿಕಿತ್ಸಕಿ ಒಂದು ದಾರಿ ತೋರಿಸಿದರು. ಶಸ್ತ್ರಚಿಕಿತ್ಸೆಗೆ ಮುನ್ನ ಅತ್ತೆಯ ಮಾತುಗಳನ್ನು ಅವರದೇ ದನಿಯಲ್ಲಿ ಒಂದು ತಂತ್ರಾಂಶದೊಳಗೆ ತುಂಬಿಡುವುದು. ಮುಂದೆ ಗುಂಡಿ ಒತ್ತಿದರೆ ಆ ಮಾತು ಹೊರಬರುತ್ತದೆ. 'ನೀರು ಬೇಕು', 'ನೋವಾಗುತ್ತಿದೆ', 'ಧನ್ಯವಾದ' ಎಂದು ಚಿಕಿತ್ಸಕಿ ಒಂದೊಂದೇ ಹೇಳಿಸಿದರು. ಅತ್ತೆಗೆ ರೇಗಿತು.

"ಇಷ್ಟರಲ್ಲೇ ಬದುಕೋಕಾಗುತ್ತಾ? ಬೈಯೋಕೆ ಏನಾದ್ರೂ ಬೇಡ್ವಾ?"

ಗಂಟಲು ಕಟ್ಟಿಹೋಗುವ ತನಕ ಕೂತು ಬೈಗುಳ ತುಂಬಿಸಿದರು. ಅಳತೆಗಳು, ಬಣ್ಣಗಳು, ಮಗನಿಗೆ ಬುದ್ಧಿಮಾತು, ನನಗೆ ಮೊನಚು ಮಾತು, ಮೊಮ್ಮಗಳಿಗೆ ಮುದ್ದು, ಎಲ್ಲವೂ ಅದರಲ್ಲಿವೆ. ಆಮೇಲೆ ಅವರ ಬಾಯಿಂದ ಸ್ವರ ಹೊರಡಲಿಲ್ಲ. ಆದರೆ ತಮ್ಮ ಕಚೇರಿ ಹಿಂದೆ ಕೊಟ್ಟಿದ್ದ ಲ್ಯಾಪ್‌ಟಾಪ್ ಒಂದರ ಮೂಲಕ ನಮ್ಮ ಮನೆಯಲ್ಲಿ ಬೈಗುಳ ಅಬಾಧಿತವಾಗಿ ಸಾಗಿತ್ತು.

ಆ ಲ್ಯಾಪ್‌ಟಾಪ್ ಕೆಟ್ಟಿತು. ತಮ್ಮ ಕಚೇರಿ ಅದನ್ನು ಹಿಂಪಡೆದು ಹೊಸದನ್ನು ಕೊಟ್ಟಿತು. ವೇದಿಕೆಯ ಮೇಲೆ ತಾವೇ ಕೊಟ್ಟಿರಿ. ಫೋಟೊದಲ್ಲಿ ಚೆನ್ನಾಗಿ ನಕ್ಕಿದ್ದೀರಿ. ಮನೆಗೆ ತಂದು ತೆರೆದರೆ ಹೊಸ ಆಪರೇಟಿಂಗ್ ಸಿಸ್ಟಂ ಚಿಕಿತ್ಸಕಿ ಪೆನ್ ಡ್ರೈವಿನಲ್ಲಿ ಉಳಿಸಿಕೊಟ್ಟಿದ್ದ ನಮ್ಮ ತಂತ್ರಾಂಶವನ್ನು ಹೊಸಿಲು ದಾಟಲು ಬಿಡಲಿಲ್ಲ. ಅದನ್ನು ತಯಾರಿಸಿದವರು ಅಂಗಡಿ ಮುಚ್ಚಿ ಯಾವ ಕಾಲವಾಯಿತೋ! ತಂತ್ರಾಂಶ ತೆರೆಯದೆ ಅದರೊಳಗಿನ ದನಿ ಹೊರಬರುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಅದನ್ನು ತಾವು ಸರ್ಕಾರಿ ಖರ್ಚಿನಲ್ಲಿ ಮಾಡಿ ತೋರಿಸಿದಿರಿ.

ತಮ್ಮ ಕಚೇರಿಯ ಗುಮಾಸ್ತರನ್ನು ಕೇಳಿದೆವು. ಯಂತ್ರದಲ್ಲೇ ಒಂದು ದನಿ ಇದೆ, ಬೆರಳಚ್ಚು ಮಾಡಿದರೆ ಅದೇ ಓದಿ ಹೇಳುತ್ತದೆ ಎಂದರು. ನಿಜ, ಓದಿತು. ಅತ್ತೆ 'ತೋಳು ಬಿಚ್ಚಿ ಮತ್ತೆ ಹೊಲಿ' ಎಂದು ಟೈಪು ಮಾಡಿದರೆ, ಇಪ್ಪತ್ತರ ಹುಡುಗಿಯೊಬ್ಬಳು ವಿಮಾನ ತಡವಾಗಿದೆ ಎನ್ನುವಷ್ಟು ನಯವಾಗಿ ಅದನ್ನು ಹೇಳಿದಳು. ಕಲಿಯುವ ಹುಡುಗಿಯರು ನಗು ತಡೆಯಲಾರದೆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡರು. ಅತ್ತೆ ಮುಚ್ಚಳ ಹಾಕಿದರು. ಅಂದಿನಿಂದ ಅಡಿಕೋಲಿನಿಂದ ಮೇಜು ಕುಟ್ಟಿ ಕರೆಯತೊಡಗಿದರು. ಊಟಕ್ಕೆ ಕರೆದರೆ ತಲೆಯಾಡಿಸುತ್ತಿದ್ದರು, ಅಷ್ಟೇ. ಮೊಮ್ಮಗಳು ಅಜ್ಜಿ ಸಿಟ್ಟಾಗಿದ್ದಾರಾ ಎಂದು ನನ್ನನ್ನು ಗುಟ್ಟಾಗಿ ಕೇಳುತ್ತಿದ್ದಳು. ಗುಮಾಸ್ತರಿಗೆ ಇದನ್ನು ಹೇಳಿದಾಗ ಅವರು, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಿಮ್ಮ ಕಾಲ ಬಂದಿದೆಯಲ್ಲ, ಸುಮ್ನಿರಿ ಮೇಡಂ" ಎಂದು ನಕ್ಕರು. ಸ್ವಾಮಿ, ಅತ್ತೆಯ ಮಾತಿಗೆ ಎದುರು ಮಾತು ಕೊಡುವುದು ಸೊಸೆಯ ಹಕ್ಕು. ಮೂಕಿಯ ಮೇಲೆ ಗೆಲ್ಲುವುದು ಯಾವ ಸೀಮೆಯ ಗೆಲುವು?

ಕಡೆಗೆ ರಿಪೇರಿ ಅಂಗಡಿಗೆ ಹೋದೆವು. ಎಲ್ಲರೂ ಮೇಲಕ್ಕೇರಿಸಿ ಎಂದು ಬರುತ್ತಾರೆ, ಕೆಳಗಿಳಿಸಿ ಎಂದು ಬಂದವರು ನೀವೇ ಮೊದಲು ಎಂದ ಅಂಗಡಿಯವ. ಹೊಸದನ್ನು ಪೂರ್ತಿ ಅಳಿಸಿ ಹಳೆಯದನ್ನು ಹಾಕಿದ. ಪರದೆ ಬಂತು, ತಂತ್ರಾಂಶ ತೆರೆಯಿತು, ಸದ್ದೇ ಬರಲಿಲ್ಲ. ಹೊಸ ಯಂತ್ರದ ಸ್ಪೀಕರ್ ಹಳೆಯ ವ್ಯವಸ್ಥೆಗೆ ಪರಿಚಯವಿಲ್ಲವಂತೆ. ಹುಡುಕಿ, ಕೆಡಿಸಿ, ಮತ್ತೆ ಹಾಕಿ, ಮರುದಿನ ಸಂಜೆಯ ಹೊತ್ತಿಗೆ ಆ ಪರಿಚಯವನ್ನೂ ಮಾಡಿಸಿದ. ಯಂತ್ರವನ್ನು ಅತ್ತೆಯ ಮುಂದೆ ತಿರುಗಿಸಿದಾಗ ಅವರು ಗುಂಡಿಗಳ ಮೇಲೆ ಕಣ್ಣಾಡಿಸಿದರು. ಗೋಡೆಗೆ ಒರಗಿ ನಿಂತಿದ್ದ ಮಗನತ್ತ ಒಮ್ಮೆ ನೋಡಿದರು. ಆಮೇಲೆ ಒತ್ತಿದರು.

"ನೆಟ್ಟಗೆ ನಿಂತ್ಕೋ."

ನಲವತ್ತು ದಾಟಿದ ನನ್ನ ಗಂಡ ನೆಟ್ಟಗೆ ನಿಂತರು. ನಿಂತೇ ಅತ್ತರು.

ಆಮೇಲೆ ತಮ್ಮ ಪರಿಶೀಲಕರು ಮನೆಗೆ ಬಂದರು, 'ಅನಧಿಕೃತ ಮಾರ್ಪಾಡು' ಎಂದು ಬರೆದುಕೊಂಡರು, ನೋಟಿಸು ಬಂತು, ಯಂತ್ರದ ಸಮೇತ ಅತ್ತೆ, ನನ್ನ ಗಂಡ, ನಾನು ತಮ್ಮ ಮುಂದೆ ಹಾಜರಾದೆವು. ಹಳೆಯದಕ್ಕೆ ರಕ್ಷಣೆ ಇಲ್ಲ, ಕಳ್ಳರು ನುಗ್ಗುತ್ತಾರೆ ಎಂದಿರಿ. ಆ ಯಂತ್ರಕ್ಕೆ ಇಂಟರ್‌ನೆಟ್ಟೇ ಇಲ್ಲ ಎಂದೆ. ನುಗ್ಗಿದರೂ ಏನು ಕದ್ದಾರು? 'ಕಾಲರ್ ಸೊಟ್ಟಗಿದೆ' ಎಂಬುದನ್ನೇ? ನಿಯಮ ಎಲ್ಲರಿಗೂ ಒಂದೇ ಎಂದಿರಿ. ಹಾಗಾದರೆ ಗಂಟಲೂ ಎಲ್ಲರಿಗೂ ಒಂದೇ ಇರಬೇಕಿತ್ತಲ್ಲವೇ? ಸಾಧನ ಇರುವುದು ಮನುಷ್ಯರಿಗಾಗಿಯೋ, ಮನುಷ್ಯರು ಇರುವುದು ಸಾಧನದ ನವೀಕರಣಕ್ಕಾಗಿಯೋ?

ಆಗ ಅತ್ತೆ ಗುಂಡಿ ಒತ್ತಿದರು. "ನಾನು ಹೇಳೋದನ್ನ ಪೂರ್ತಿ ಕೇಳಿ" ಎಂದು ಅವರ ದನಿ ಶುರುವಾಯಿತು. ತಾವು ನನ್ನ ಕಡೆ ತಿರುಗಿ, "ಇದನ್ನ ನೀವು ಹೇಳಿಸ್ತಿದ್ದೀರಾ?" ಎಂದಿರಿ. ಉತ್ತರಕ್ಕೂ ಕಾಯದೆ, ಮಾತು ನಡೆಯುತ್ತಿರುವಾಗಲೇ, ಕೈ ಚಾಚಿ ಮುಚ್ಚಳ ಮುಚ್ಚಿದಿರಿ. ಎದುರಿಗೆ ಕೂತ ಹೆಂಗಸು ಮಾತಾಡುತ್ತಿರುವಾಗ ಆಕೆಯ ಬಾಯಿಗೆ ಅಂಗೈ ಒತ್ತಿ ಹಿಡಿಯಬಹುದು ಎಂದು ತಮ್ಮ ಸೇವಾ ನಿಯಮದ ಯಾವ ಪುಟದಲ್ಲಿದೆ? ತಮಗೆ ಅದು ಲ್ಯಾಪ್‌ಟಾಪ್ ಮುಚ್ಚಿದಂತೆ ಕಂಡಿರಬಹುದು. ನಾವು ಮೂವರೂ ಕಂಡದ್ದು ಬೇರೆ.

ಬೇಡಿಕೆ ಇಷ್ಟು. ಆ ಯಂತ್ರವನ್ನು ಯಾರೂ ಅಳಿಸಬಾರದು, ಉನ್ನತೀಕರಿಸಬಾರದು, ಉದ್ಧಾರವನ್ನೂ ಮಾಡಬಾರದು. ಇದ್ದ ಹಾಗೆಯೇ, ಈ ವಾರದೊಳಗೆ, ತಾವೇ ಖುದ್ದಾಗಿ ಮನೆಗೆ ತಂದು ಅತ್ತೆಯ ಕೈಗೆ ಕೊಡಬೇಕು. ಕ್ಷಮೆಯನ್ನು ನನ್ನ ಬಳಿ ಕೇಳುವುದು ಬೇಡ, ಅವರ ಬಳಿ ಕೇಳಿ. ಅವರಿಗೆ ಹೋಗಿರುವುದು ಮಾತು, ಕಿವಿಯಲ್ಲ.

ಇದನ್ನು ಪತ್ರಿಕೆಗೆ ಕಳಿಸಲೇ ಎಂದು ನಿನ್ನೆ ಅವರನ್ನೇ ಕೇಳಿದೆ. ಕತ್ತರಿಸಲು ಹರಡಿದ್ದ ಕಪ್ಪು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಬರೆದರು: 'ಕಳಿಸು. ಮೆತ್ತಗೆ ಬರೀಬೇಡ.' ಓದಿಯಾಯಿತೇ ಎಂದು ನನ್ನ ಮುಖ ನೋಡಿ, ಅಂಗೈಯಿಂದ ಒರೆಸಿಬಿಟ್ಟರು.

ಇಂತಿ,
ಬೈಸಿಕೊಳ್ಳುವ ಹಕ್ಕಿನಿಂದ ವಂಚಿತಳಾದ
ಒಬ್ಬ ಸೊಸೆ