ನಲವತ್ತೊಂದನೇ ಸೀಸೆ

ಮಾರ್ಚ್ ೧೧

ಪ್ರಿಯ ಬೂದಿಬೆಕ್ಕಿನವರೇ,

ನಾನು ಕ್ಷೇಮ, ನೀವೂ ಹಾಗೇ ಇರಬೇಕು. ನಿಮ್ಮ ಪತ್ರ ಬಂದು ಹದಿನೆಂಟು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕೋಪ ಮಾಡಿಕೊಳ್ಳಬೇಡಿ, ಶೀತವಾಗಿತ್ತು. ಮೂಗು ಕಟ್ಟಿದವನು ಸೆಂಟಿನ ಬಗ್ಗೆ ಬರೆಯುವುದೂ ಒಂದೇ, ಕನ್ನಡಕ ಕಳೆದುಕೊಂಡವನು ಸೂಜಿಗೆ ದಾರ ಪೋಣಿಸುವುದೂ ಒಂದೇ. ಐ ಬೆಗ್ ಟು ಬಿ ಎಕ್ಸ್‌ಕ್ಯೂಸ್ಡ್ ಅಂತ ಕಾಲೇಜಿನಲ್ಲಿ ರಜಾ ಅರ್ಜಿಗೆ ಬರೆಯುತ್ತಿದ್ದೆವಲ್ಲ, ಅದನ್ನೇ ಇಲ್ಲಿ ಓದಿಕೊಳ್ಳಿ. ಅದರ ಮುಂದಿನ ಸಾಲು ಮರೆತಿದೆ.

ನಿಮ್ಮ ಕೈನಡುಕ ಹೇಗಿದೆ? ಮೂವತ್ತು ವರ್ಷ ಲೈಬ್ರರಿಯಲ್ಲಿ ಕಾರ್ಡು ಬರೆದ ಕೈ, ಈಗ ಟೈಪ್ ಮಾಡಿ ಪ್ರಿಂಟು ತೆಗೆದು ಕಳಿಸಬೇಕಾಗಿ ಬಂತಲ್ಲ ಅಂತ ಪ್ರತಿ ಸಲ ಲಕೋಟೆ ಬಿಚ್ಚುವಾಗಲೂ ಅನಿಸುತ್ತದೆ. ನನ್ನದು ಉಲ್ಟಾ. ಕೈ ಗಟ್ಟಿ, ಟೈಪು ಬರುವುದಿಲ್ಲ. ಆ ಸೆಂಟು ಹುಚ್ಚರ ಆನ್‌ಲೈನ್ ಗುಂಪಿನಲ್ಲಿ ಒಂದು ಬೆರಳಿಂದ ರಿವ್ಯೂ ಕುಟ್ಟಿ ಮುಗಿಸುವಷ್ಟರಲ್ಲಿ ಕೈಗೆ ಹಚ್ಚಿದ್ದು ಆರಿಹೋಗಿರುತ್ತದೆ. ಅಲ್ಲಿನವರು ನಗುತ್ತಿದ್ದರು. "ನಿಮ್ಮ ಮೂಗು ಒಳ್ಳೇದಿದೆ, ನಾನು ಸ್ಯಾಂಪಲ್ ಕಳಿಸ್ತೀನಿ, ನೀವು ಪೋಸ್ಟಿನಲ್ಲಿ ಬರೀರಿ" ಅಂತ ಪೋಸ್ಟ್ ಬಾಕ್ಸ್ ನಂಬರು ಕೊಟ್ಟವರು ನೀವೊಬ್ಬರೇ. ಎರಡು ವರ್ಷವಾಯಿತು. ನಿಮ್ಮ ನಿಜವಾದ ಹೆಸರು ನಾನಿನ್ನೂ ಕೇಳಿಲ್ಲ ನೋಡಿ. ಗುಂಪಿನಲ್ಲಿ ಇಟ್ಟುಕೊಂಡ ಹೆಸರೇ ಸಾಕು, ಬೂದಿಬೆಕ್ಕು ಅಂದರೆ ನನಗೊಂದು ಮುಖ ಕಾಣುತ್ತದೆ.

ಈಗ ವರದಿ. ನಮ್ಮ ಕರಾರಿನಂತೆ ಸೀಸೆ ಮೇಲೆ ನಂಬರು ಮಾತ್ರ, ನಾನು ಬರೆದ ಮೇಲೆ ನೀವು ಹೆಸರು ಹೇಳುವುದು.

ಮೂವತ್ತೊಂಬತ್ತು. ಮಣಿಕಟ್ಟಿಗೆ ಹಚ್ಚಿದ ಐದು ನಿಮಿಷ ಕಿತ್ತಳೆ ಸಿಪ್ಪೆ. ಒಂದು ಗಂಟೆಗೆ ಹೊಸ ಚಪ್ಪಲಿ ಅಂಗಡಿ. ಆರು ಗಂಟೆಗೆ ಏನೂ ಇಲ್ಲ, ಬರೀ ನನ್ನ ಕೈ. ಇದಕ್ಕೆ ಆ ತಯಾರಕ ವಿರಹ ಗಿರಹ ಅಂತ ಹೆಸರಿಟ್ಟಿರುತ್ತಾನೆ.

ನಲವತ್ತು. ದಾರಿಯಲ್ಲೇ ಸೋರಿಹೋಗಿತ್ತು. ಲಕೋಟೆಯಷ್ಟೇ ಘಮಘಮ. ಪೋಸ್ಟ್‌ಮ್ಯಾನ್ ಮೂಸಿ ನೋಡಿ, "ಏನ್ ಸರ್, ಈ ವಯಸ್ಸಲ್ಲಿ ಯಾರು ಬರೀತಾರೆ ನಿಮಗೆ" ಅಂದ. "ಬೆಕ್ಕು" ಅಂದೆ. ಇನ್ನುಮೇಲೆ ದಯವಿಟ್ಟು ಮುಚ್ಚಳದ ಸುತ್ತ ಒಂದು ಸುತ್ತು ಟೇಪು ಹಾಕಿ.

ನಲವತ್ತೊಂದು. ಇದನ್ನು ಹೇಗೆ ಬರೆಯಲಿ. ಬಾಲ್ಕನಿಯಲ್ಲಿ ಕೂತು ಮೊಣಕೈ ಮಡಿಕೆಗೆ ಹಚ್ಚಿಕೊಂಡೆ. ಮೊದಲು ಯಾವುದೋ ಹೂವು, ಆಮೇಲೆ ಸೋಪು. ಸಾಧಾರಣ ಅಂದುಕೊಂಡು ಪಾತ್ರೆ ತೊಳೆಯಲು ಹೋದೆ. ನಾಲ್ಕನೇ ಗಂಟೆಗೆ ತೋಳು ಮೂಗಿನ ಹತ್ತಿರ ಬಂದಾಗ ಲವಂಗ, ಲವಂಗದ ಹಿಂದೆ ನನ್ನ ಹೆಂಡತಿ. ತಮಾಷೆ ಮಾಡುತ್ತಿಲ್ಲ. ಗ್ಯಾಸ್ ಕಂಪನಿಯಲ್ಲಿ ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಲೀಕ್ ಹುಡುಕಿದ ಮೂಗು ಇದು. ಅವಳು ಮೆಡಿಕಲ್ ಶಾಪಿನ ಕೌಂಟರಿಗೆ ಹೊರಡುವ ಮುಂಚೆ ಕಿವಿಯ ಹಿಂದೆ ಒಂದು ತೊಟ್ಟು ಹಚ್ಚಿಕೊಳ್ಳುತ್ತಿದ್ದಳು. "ಇಲ್ಲದಿದ್ರೆ ನಾನೇ ಒಂದು ಟಾನಿಕ್ ಬಾಟ್ಲಿ ಥರ ನಾರ್ತೀನಿ" ಅನ್ನುತ್ತಿದ್ದಳು. ನಾನು ಈ ಹವ್ಯಾಸಕ್ಕೆ ಬಿದ್ದದ್ದೇ ಆ ವಾಸನೆ ಹುಡುಕಿಕೊಂಡು. ಅದು ನಿಮಗೂ ಗೊತ್ತು. ಇನ್ನೊಂದು ಚೂರು ಇದ್ದರೆ ಕಳಿಸಿ. ಹೆಸರೂ ಹೇಳಿ.

ಅವಳು ಹೋದ ಮೇಲೆ ಅವಳ ಬಾಟಲಿಯಾದರೂ ಉಳಿದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಕಳೆದ ಪತ್ರದಲ್ಲಿ ಕೇಳಿದ್ದಿರಿ, "ಅದನ್ನು ನರ್ಸೇ ತೆಗೆದರು ಅಂತ ಹೇಗೆ ಖಚಿತ?" ಅಂತ. ನೀವು ಮೆದು ಮನಸ್ಸಿನವರು. ಹಾಸಿಗೆ ಹಿಡಿದ ಅವಳನ್ನು ಬಿಟ್ಟರೆ ಆ ಮನೆಯಲ್ಲಿ ಇದ್ದದ್ದೇ ಮೂರು ಜನ: ನಾನು, ನನ್ನ ಮಗಳು, ಅವಳ ಆರೈಕೆಗೆ ಏಜೆನ್ಸಿಯಿಂದ ಬಂದ ಆ ಹೆಂಗಸು. ನಾನು ಆಕೆಯನ್ನು ಕೇಳುವಾಗ ಮಗಳು ಪಕ್ಕದಲ್ಲೇ ಇದ್ದಳು, ತುಟಿ ಬಿಚ್ಚಲಿಲ್ಲ. ತಪ್ಪಾಗಿದ್ದರೆ ಅವಳು ನನ್ನನ್ನು ತಡೆಯುತ್ತಿರಲಿಲ್ಲವೇ? ಬೆನಿಫಿಟ್ ಆಫ್ ಡೌಟ್ ಕೊಡಲು ಡೌಟೇ ಇರಲಿಲ್ಲ.

ಇನ್ನೊಂದು ವಿಷಯ, ಯಾರಿಗೂ ಹೇಳದ್ದು. ಕೊನೆಯ ಎರಡು ತಿಂಗಳು ನಾನು ಅವಳ ಕೋಣೆಯೊಳಗೆ ಹೋಗುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಮಾತಾಡಿಸುತ್ತಿದ್ದೆ. ಆ ಕಾಯಿಲೆಯ ವಾಸನೆ ನನ್ನ ಮೂಗಿಗೆ ತಡೆಯುತ್ತಿರಲಿಲ್ಲ. ಒಂದು ದಿನ ಅವಳು "ಬಾಗಿಲಲ್ಲಿ ನಿಂತು ಲೀಕ್ ಹುಡುಕ್ತಿದೀರಾ?" ಅಂತ ಕೇಳಿ ನಕ್ಕಳು. ನಾನೂ ನಕ್ಕೆ. ಒಳಗೆ ಹೋಗಲಿಲ್ಲ. ಇದನ್ನು ಮಗಳಿಗೆ ಹೇಳಲು ಆಗುವುದಿಲ್ಲ. ಅವಳು ಒಳ್ಳೆಯವಳೇ, ಆದರೆ ಭಾನುವಾರ ಫೋನ್ ಮಾಡಿದರೆ ಮಾತ್ರೆ ತೊಗೊಂಡ್ರಾ, ಬಿಪಿ ಎಷ್ಟು, ಹೊಟ್ಟೆ ಸರಿ ಇದೆಯಾ ಅಂತ ಹಾಜರಿ ತೊಗೊಂಡು ಇಟ್ಟುಬಿಡುತ್ತಾಳೆ. ನಿಮ್ಮ ಹತ್ತಿರ ಹೇಳಿದರೆ ಎದೆ ಹಗುರವಾಗುತ್ತದೆ.

ಬಾಲ್ಕನಿಗೆ ಎರಡನೇ ಕುರ್ಚಿ ತಂದಿದ್ದೇನೆ, ಮಡಚುವಂಥದ್ದು. ನೀವು ಯಾವಾಗ ಬರುತ್ತೀರೋ ಆಗ ಬಿಚ್ಚುತ್ತೇನೆ. ಇಬ್ಬರೂ ತೋಳು ಮೂಸಿಕೊಂಡು ಕೂತರೆ ಎದುರು ಮನೆಯವರು ಪೊಲೀಸಿಗೆ ಹೇಳಬಹುದು, ಹೇಳಲಿ.

ಇಂತಿ ನಿಮ್ಮ ಸ್ನೇಹಿತ,
ಲೀಕ್ ಮಾಸ್ತರ


ಮೇ ೩

ಮಗಳು ಇಲಿಮರಿಗೆ ಅಪ್ಪನ ಆಶೀರ್ವಾದ.

ಐದು ಭಾನುವಾರ ಫೋನ್ ಎತ್ತಲಿಲ್ಲ, ಗಾಬರಿಯಾಗಿರಬೇಕು. ಬದುಕಿದ್ದೇನೆ. ನೀನು ಕೆಳಗಿನ ಮನೆಯ ಟೈಲರ್‌ಗೆ ಫೋನ್ ಮಾಡಿದೆಯಂತೆ. "ಮಾವ ಓಡಾಡ್ಕೊಂಡಿದಾರೆ, ಮಾತು ಮಾತ್ರ ಇಲ್ಲ" ಅಂದನಂತೆ. ಸರಿಯಾಗಿಯೇ ಹೇಳಿದ್ದಾನೆ. ಮಾತ್ರೆ ತೊಗೊಳ್ಳುತ್ತಿದ್ದೇನೆ. ಬಿಪಿ ನೋಡಿಕೊಂಡಿಲ್ಲ. ಹೊಟ್ಟೆ ಸರಿ ಇದೆ. ಹಾಜರಿ ಮುಗಿಯಿತು.

ಈ ಪತ್ರ ಎರಡು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಬೈಗುಳ ಜಾಸ್ತಿಯಾಯಿತು. ಎರಡನೆಯದರಲ್ಲಿ, ಅಭ್ಯಾಸ ನೋಡು, ಪ್ರಿಯ ಬೂದಿಬೆಕ್ಕಿನವರೇ ಅಂತ ಬರೆದುಬಿಟ್ಟಿದ್ದೆ.

ಹೌದು, ಗೊತ್ತಾಯಿತು. ಹೇಗೆ ಅಂತ ಕೇಳುತ್ತೀಯ. ನಾನೇ ಬೇಡಿಕೊಂಡಿದ್ದೆನಲ್ಲ, ಟೇಪು ಹಾಕಿ ಅಂತ. ನಲವತ್ತೊಂದರ ಎರಡನೇ ಸೀಸೆ ಬಂತು. ಟೇಪು ಸುತ್ತಿತ್ತು. ತುದಿಯನ್ನು ಒಂದು ಕಾಳಿನಷ್ಟು ಒಳಗೆ ಮಡಚಿದ್ದರು, ಬಿಚ್ಚುವವರ ಉಗುರಿಗೆ ಸಿಗಲಿ ಅಂತ. ಮೆಡಿಕಲ್ ಶಾಪಿನಲ್ಲಿ ನಿನ್ನಮ್ಮ ಪ್ರತಿ ಪೊಟ್ಟಣಕ್ಕೂ ಹಾಗೇ ಮಡಚುತ್ತಿದ್ದಳು. "ಕಾಯಿಲೆಯವರು ಹಲ್ಲಲ್ಲಿ ಕಚ್ಚಿ ಬಿಚ್ಚಬಾರದು" ಅನ್ನುತ್ತಿದ್ದಳು. ನಿನಗೆ ಆರು ವರ್ಷವಿದ್ದಾಗ ಕೌಂಟರ್ ಕೆಳಗೆ ಕೂರಿಸಿಕೊಂಡು ಕಲಿಸಿದ್ದಳು. ನಿನ್ನ ಸ್ಕೂಲ್ ಪುಸ್ತಕದ ಬೈಂಡಿಗೂ ನೀನು ಹಾಗೇ ಮಡಚುತ್ತಿದ್ದೆ. ಆ ಮಡಿಕೆ ಹಾಕುವ ಕೈ ಲೋಕದಲ್ಲಿ ನನಗೆ ಗೊತ್ತಿದ್ದದ್ದು ಎರಡು, ಒಂದು ಈಗ ಇಲ್ಲ. ನಡುಗುವ ಕೈಗೆ ಅಷ್ಟು ನೀಟಾಗಿ ಮಡಚಲು ಬರುವುದೂ ಇಲ್ಲ.

ಆಮೇಲೆ ನಿಮ್ಮ ಎಲ್ಲ ಪತ್ರ ಹರಡಿಕೊಂಡು ಕೂತೆ. ನಿಮ್ಮ ಅಂತ ಬರೆದೆನಲ್ಲ. ಬಿಡು, ಹೊಡೆದು ಹಾಕುವುದಿಲ್ಲ, ನೋಡು ನನ್ನ ಸ್ಥಿತಿ. ಲೈಬ್ರರಿಯವರು ಹೆಂಡತಿ ಸತ್ತ ಮೇಲೆ ಸಾರಿಗೆ ಉಪ್ಪು ಹಾಕುವುದು ಮರೆಯುತ್ತಾರೆ ಅಂತ ಬರೆದಾಗ ನಾನು ನನ್ನ ಉಪ್ಪಿನ ಡಬ್ಬಿ ಮೇಲೆ ಚೀಟಿ ಅಂಟಿಸಿ, ನೀವೂ ಅಂಟಿಸಿ ಅಂತ ಉತ್ತರ ಬರೆದೆ. ಇಲ್ಲದ ಮನುಷ್ಯನ ಸಾರಿಗೆ ಉಪ್ಪಿನ ಚಿಂತೆ ಮಾಡಿದೆ. ಅಡುಗೆಮನೆಗೆ ಹೋದಾಗ ಆ ಚೀಟಿ ಕಂಡರೆ ಮುಖಕ್ಕೆ ಹೊಡೆದ ಹಾಗಾಗುತ್ತದೆ.

ಒಂಟಿ ಅಪ್ಪನಿಗೆ ಒಬ್ಬ ಸ್ನೇಹಿತ ಇರಲಿ ಅಂತ ಮಾಡಿದೆ, ಅಲ್ಲವಾ. ಇದನ್ನು ಇಂಗ್ಲಿಷಿನಲ್ಲಿ ಏನೋ ಅನ್ನುತ್ತಾರೆ, ಗುಡ್ ಇಂಟೆನ್ಷನ್ ಅಂತ ಶುರುವಾಗುತ್ತದೆ, ನಮ್ಮ ಲೆಕ್ಚರರ್ ಬೋರ್ಡಿನ ಮೇಲೆ ಬರೆದಿದ್ದರು. ಇರಲಿ. ನನಗೆ ಸ್ನೇಹಿತ ಬೇಕಿತ್ತು, ನಿಜ. ಆದರೆ ಬಾಗಿಲಲ್ಲಿ ನಿಂತ ವಿಷಯ ನಾನು ಹೇಳಿದ್ದು ಒಬ್ಬ ಅಪರಿಚಿತನಿಗೆ, ಇಲಿಮರಿ. ಅವನು ನನ್ನ ಮುಖ ನೋಡುವವನಲ್ಲ ಅಂತ ಧೈರ್ಯವಿತ್ತು. ಅದನ್ನು ಓದಿದ ಮೇಲೂ ನೀನು ಭಾನುವಾರ ಫೋನ್ ಮಾಡಿ "ಅಪ್ಪಾ, ಹೊಟ್ಟೆ ಸರಿ ಇದೆಯಾ" ಅಂದೆ. ಒಂದು ಅಕ್ಷರ ಏರುಪೇರಿಲ್ಲದೆ. ನನ್ನ ಮಗಳಿಗೆ ಇಷ್ಟು ಚೆನ್ನಾಗಿ ಮುಚ್ಚಿಡಲು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಬೆಕ್ಕಿನ ಚರ್ಮದೊಳಗೆ ಇಲಿ ಕೂತಿತ್ತು.

ಇನ್ನು ಸೀಸೆಯೊಳಗಿದ್ದದ್ದು. ಬೂದಿಬೆಕ್ಕು ಬರೆದಿದ್ದರು, ಅದು ಯಾವುದೋ ಸಣ್ಣ ತಯಾರಕರದ್ದು, ಅವರು ಈಗ ಬಾಗಿಲು ಹಾಕಿದ್ದಾರೆ ಅಂತ. ನಂಬಿದ್ದೆ. ಟೇಪು ನೋಡಿದ ಮೇಲೆ ಮತ್ತೆ ಹಚ್ಚಿಕೊಂಡು, ನಿಧಾನಕ್ಕೆ, ಗಂಟೆಗೊಮ್ಮೆ ಬರೆದುಕೊಳ್ಳುತ್ತ ಕೂತೆ. ನಿನ್ನಮ್ಮ ಸೆಂಟು ಖಾಲಿಯಾಗುವ ಮೊದಲೇ ತಳದಲ್ಲಿ ಉಳಿದದ್ದನ್ನು ಹಳೇ ಬಾಟಲಿಗೆ ಸುರಿಯುವವಳು. ಶಾಂಪೂ ಬಾಟಲಿಗೂ ಅದೇ ಗತಿ. ಹಾಗೆ ಹನ್ನೆರಡೋ ಹದಿಮೂರೋ ಸೆಂಟು ಬೆರೆತಿತ್ತು ಅದರಲ್ಲಿ. ಒಮ್ಮೆ ಹಲ್ಲುನೋವಿಗೆ ತಂದ ಲವಂಗದೆಣ್ಣೆಯ ಕೈಯಲ್ಲೇ ಮುಚ್ಚಳ ತೆಗೆದಾಗ ಒಂದು ತೊಟ್ಟು ಒಳಗೂ ಬಿತ್ತು. "ಹೋಗ್ಲಿ ಬಿಡಿ, ಇನ್ಮೇಲೆ ನನಗೆ ಹಲ್ಲುನೋವೂ ಬರಲ್ಲ" ಅಂದಳು. ಯಾವ ತಯಾರಕನೂ ಅದನ್ನು ಮಾಡಲಾರ. ಅದು ಆ ಬಾಟಲಿಯದ್ದೇ. ಆ ಬಾಟಲಿ ನಿನ್ನ ಹತ್ತಿರ ಇದೆ. ನಾಲ್ಕು ವರ್ಷದಿಂದ ಇದೆ.

ನೀನು ಇಟ್ಟುಕೊಂಡದ್ದು ತಪ್ಪು ಅನ್ನುವುದಿಲ್ಲ. ಅವಳು ನಿನಗೆ ತಾಯಿ. ಕೇಳಿದ್ದರೆ ನಾನು ಕೊಡುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಆದರೆ ನಲವತ್ತು ಸೀಸೆ ನನ್ನಿಂದ ಮೂಸಿಸಿದೆ. ಪ್ರತಿಯೊಂದನ್ನೂ ಬಿಚ್ಚುವಾಗ ಇದೇ ಇರಬಹುದು ಅಂತ ನನ್ನ ಕೈ ನಡುಗುತ್ತಿತ್ತು. ನಿಜವಾದ ಕೈನಡುಕ ಅದು. ಸಿಗುವುದಿಲ್ಲ ಅಂತ ನಿನಗೆ ಗೊತ್ತಿತ್ತು.

ಎರಡನೇ ಕುರ್ಚಿಯನ್ನು ಟೈಲರ್‌ಗೆ ಕೊಟ್ಟೆ. ಗಿರಾಕಿಗಳಿಗೆ ಕೂರಲು ಇರಲಿ ಅಂದ.

ಮೈ ಕೈ ಹುಷಾರು. ಬೆನ್ನುನೋವು ಅಂದಿದ್ದೆ, ಬಿಸಿನೀರಿನ ಚೀಲ ಇಟ್ಟುಕೋ, ಆಫೀಸಿನ ಕುರ್ಚಿಗೆ ದಿಂಬು ಹಾಕಿಕೋ. ಸಿಟ್ಟಿದೆ ಅಂತ ಆಶೀರ್ವಾದ ಹಿಂದಕ್ಕೆ ತೊಗೊಳ್ಳಲು ಬರುವುದಿಲ್ಲ. ನೂರು ಕಾಲ ಚೆನ್ನಾಗಿರು.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಪೆನ್ನು ಓಡಲಿಲ್ಲ. ಆ ದಿನ ನಾನು ನರ್ಸಿನ ಚೀಲವನ್ನು ಅಡುಗೆಮನೆಯ ನೆಲದ ಮೇಲೆ ಸುರಿಸಿದೆ. ಒಂದು ಬಾಚಣಿಗೆ, ಒಂದು ಊಟದ ಡಬ್ಬಿ, ಒಂದು ಜೊತೆ ಕಾಲುಚೀಲ. ನಾನು ಒಳಗೆ ಹೋಗಲಾರದ ಕೋಣೆಯಲ್ಲಿ ಎರಡು ತಿಂಗಳು ನಿನ್ನಮ್ಮನ ಮೈ ಒರೆಸಿದವಳು ಅವಳು. ಅವಳನ್ನು ಕಳ್ಳಿ ಅಂದೆ. ಏಜೆನ್ಸಿಗೂ ಫೋನ್ ಮಾಡಿ ಹೇಳಿದೆ. ನೀನು ಫ್ರಿಜ್ಜಿಗೆ ಒರಗಿ ನಿಂತಿದ್ದೆ, ಹೆಗಲಿನ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಈಗ ಅರ್ಥವಾಗುತ್ತಿದೆ ಯಾಕೆ ಹಿಡಿದುಕೊಂಡಿದ್ದೆ ಅಂತ.

ಕಳೆದ ವಾರ ಆ ನರ್ಸನ್ನು ಹುಡುಕಿಕೊಂಡು ಹೋದೆ. ವೃದ್ಧಾಶ್ರಮವೊಂದರಲ್ಲಿ ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದಾಳೆ, ನರ್ಸ್ ಕೆಲಸಕ್ಕೆ ಯಾರೂ ತೊಗೊಳ್ಳಲಿಲ್ಲವಂತೆ. ಒದ್ದೆ ಕೈ ಒರೆಸಿಕೊಂಡು ಬಂದಳು. "ತಪ್ಪಾಯ್ತಮ್ಮ, ಬಾಟ್ಲಿ ಸಿಕ್ತು" ಅಂದೆ.

"ಒಡೆದಿಲ್ಲ ತಾನೆ?" ಅಂತ ಕೇಳಿದಳು. ಮೊದಲು ಕೇಳಿದ್ದೇ ಅದು. ಆಮೇಲೆ, "ಎಲ್ಲಿತ್ತು ಸರ್?" ಅಂದಳು.

ದಾರಿಯುದ್ದಕ್ಕೂ ನಿಜ ಹೇಳುವುದು ಅಂದುಕೊಂಡೇ ಹೋಗಿದ್ದೆ. ಬಾಯಿಗೆ ನಿನ್ನ ಹೆಸರು ಬರಲಿಲ್ಲ. "ಬೀರು ಹಿಂದೆ ಬಿದ್ದಿತ್ತು" ಅಂದುಬಿಟ್ಟೆ.

ಅವಳು ಬಟ್ಟೆಯ ಬಕೆಟ್ಟಿನ ಹಿಡಿಕೆಗೆ ಕೈ ಹಾಕಿದಳು. "ಬೀರು ಹಿಂದೆ ದಿನಾ ನಾನೇ ಗುಡಿಸ್ತಿದ್ದೆ ಸರ್" ಅಂದಳು. ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಬಾಟಲಿ ತೊಗೊಂಡು ಬಾ. ನನಗಲ್ಲ, ಅವಳ ಮುಂದಿಡಲು. ಅವಳ ಕೆಲಸ ದಿನಾ ಎರಡು ಗಂಟೆಗೆ ಬಿಡುತ್ತದೆ, ನೀನು ಬರುವ ದಿನ ನಾನು ಆಶ್ರಮದ ಗೇಟಿನ ಹತ್ತಿರ ನಿಂತಿರುತ್ತೇನೆ. ಈ ಸಲ ಒಳಗೂ ಬರುತ್ತೇನೆ.