ಬೀರವ್ವನ ಹೆಸರಿನ ಮುಂದೆ ಬರೆದದ್ದು

ಶೇಗಾಂವ ರಸ್ತೆ, ಜತ್ತ
2 ನವೆಂಬರ್ 1976

ಸಿಸ್ಟರ್ ಅಪೊಲೊನಿಯಾ ಅವ್ವಾರಿಗೆ, ಸೋಮನಿಂಗಪ್ಪನ ಶರಣು.

ಈ ಪತ್ರವನ್ನು ಮೊದಲು ಇಂಗ್ಲಿಷಿನಲ್ಲೇ ಬರೆಯಬೇಕೆಂದು ಕುಳಿತೆ. ‘ರೆಸ್ಪೆಕ್ಟೆಡ್ ಮೇಡಮ್, ಐ ಬೆಗ್ ಟು ಸ್ಟೇಟ್’ ಎನ್ನುವತನಕ ಬಂತು, ಮುಂದಿನದು ಬರಲಿಲ್ಲ. ಸಾಂಗಲಿಯ ಕಾಲೇಜಿನಲ್ಲಿ ಎರಡು ವರ್ಷ ಕಲಿತದ್ದರಲ್ಲಿ ಈಗ ಉಳಿದಿರುವುದು ಅರ್ಜಿಯ ತಲೆ ಮತ್ತು ಬಾಲ ಮಾತ್ರ. ನಡುವಿನ ಹೊಟ್ಟೆ ಎಲ್ಲಿ ಹೋಯಿತೋ. ಇರಲಿ, ನನ್ನ ತಪ್ಪನ್ನು ಹೇಳುವುದಕ್ಕೆ ಕನ್ನಡವೇ ಸಾಕು.

ನಿಮಗೆ ಈಗ ಯಾರ ಗುರುತೂ ಹತ್ತುವುದಿಲ್ಲವಂತೆ. ಮಂಗಳೂರಿನ ನಿಮ್ಮ ದೊಡ್ಡ ಮಠದಲ್ಲಿ ಬೇರೆಯವರು ನಿಮಗೆ ಉಣಿಸುತ್ತಾರಂತೆ, ಹೊರಳಿಸಿ ಮಲಗಿಸುತ್ತಾರಂತೆ. ಪತ್ರ ಹಾಕಿದರೆ ಯಾರಾದರೂ ಓದಿ ಹೇಳಬಹುದು, ತಿಳಿಯುತ್ತದೆಂದು ಹೇಳಲಾರೆ ಎಂದರು ನಮ್ಮ ಹೊಸ ಸಿಸ್ಟರ್. ಹಾಗಾದರೆ ನಾನು ಗೋಡೆಗೆ ಬರೆದಂತೆಯೇ ಆಯಿತು. ಆದರೂ ಇವತ್ತು ಬರೆಯದೆ ಇರಲಾಗಲಿಲ್ಲ. ಇವತ್ತು ಕೇಳುವ ದಿನ.

ನಿಮ್ಮವರು ಸತ್ತವರನ್ನೆಲ್ಲ ನೆನೆಯುವ ಈ ದಿನ, ಪ್ರಾರ್ಥನೆ ಮುಗಿಸಿ, ನೀವು ಈ ಮುದುಕರ ಮನೆಯಲ್ಲಿ ಆ ದಪ್ಪ ರಿಜಿಸ್ಟರ್ ಹಿಡಿದು ಒಂದೊಂದೇ ಮಂಚದ ಹತ್ತಿರ ಬರುತ್ತಿದ್ದಿರಿ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ನಿಮ್ಮ ಕರಾವಳಿಯ ಪುಸ್ತಕದಂಥ ಕನ್ನಡದಲ್ಲಿ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದಿರಿ: “ಹೋಗುವಾಗ ನಿಮಗೆ ಏನು ಬೇಕು?” ಸುಡಬೇಕೋ ಹುಗಿಯಬೇಕೋ, ಯಾರನ್ನು ಕರೆಸಬೇಕು, ಬಾಯಿಗೆ ಯಾವ ಊರಿನ ನೀರು ಬಿಡಬೇಕು, ಹಣೆಗೆ ಏನು ಹಚ್ಚಬೇಕು. ನಿಮ್ಮ ಜಾತಿ ಯಾವುದು ಎಂದು ಒಂದು ದಿನವೂ ಕೇಳಿದವರಲ್ಲ, ನಮ್ಮ ದೇವರನ್ನು ಬಿಡಿರೆಂದೂ ಹೇಳಿದವರಲ್ಲ. ಉತ್ತರ ಬರೆದುಕೊಳ್ಳಲು ನಾನು ಹಿಂದೆ ನಿಂತಿರುತ್ತಿದ್ದೆ. ತಹಸೀಲ ಕಚೇರಿಯಲ್ಲಿ ಮೂವತ್ತು ವರ್ಷ ಕಾರಕೂನನಾಗಿದ್ದವನಿಗೆ ಅದೊಂದು ಕೆಲಸವೆಂದು ನೀವೇ ವಹಿಸಿದ್ದಿರಿ.

ಈ ಮನೆಯ ರಿಜಿಸ್ಟರಿನಲ್ಲಿ ಮೊದಲ ಹೆಸರು ಬೀರವ್ವನದು. ಸನ್ ಅರವತ್ತೊಂದರಲ್ಲಿ ನೀವು ಮೂವರು ಸಿಸ್ಟರ್‌ಗಳು ಬಂದು ಸಾವಕಾರ ಬಾಳಾಸಾಹೇಬರ ಹಳೆಯ ಹತ್ತಿ ಶೆಡ್ಡಿನಲ್ಲಿ ಇಳಿದಾಗ ಊರು ನಕ್ಕಿತ್ತು. ಮುದುಕರನ್ನು ನೋಡಿಕೊಳ್ಳಲು ಮಠ ಯಾಕೆ, ಮನೆಗಳಿಲ್ಲವೇ ಎಂದು. ಆ ದೀಪಾವಳಿ ಮುಗಿದ ಮೇಲೆ ತಿಕೋಂಡಿ ಕಡೆಯ ಕುರುಬರು ವರ್ಷದ ರೂಢಿಯಂತೆ ಕುರಿ ಹೊಡೆದುಕೊಂಡು ಪಡುವಣಕ್ಕೆ ಹೊರಟರು. ನಡೆಯಲಾಗದ ಬೀರವ್ವನನ್ನು ನಿಮ್ಮ ಬಾಗಿಲೆದುರಿನ ಬೇವಿನ ಮರದ ಕೆಳಗೆ ಕೂಡಿಸಿ, ಒಂದು ಗಂಟು ಜೋಳ ಇಟ್ಟು ಹೋದರು. ಹಿಂಡು ಒಬ್ಬರಿಗಾಗಿ ನಿಲ್ಲುವುದಿಲ್ಲ, ಅದು ಅವರ ಬದುಕಿನ ಕಾಯಿದೆ. ನೀವು ಹೋಗಿ ಎತ್ತಿಕೊಂಡು ಬಂದಿರಿ. ಮೊದಲ ಸಲ ನಿಮ್ಮ ಪ್ರಶ್ನೆ ಕೇಳಿ ಆಕೆ ಹೇಳಿದ್ದಳಂತೆ: “ಹೋಗಾಕ ಕಾಲ ಇದ್ದಿದ್ರ ನಿನ್ನ ಕಡಿ ಯಾಕ ಬರ್ತಿದ್ನಿ ಯವ್ವಾ?”

ಆಮೇಲೆ ಪ್ರತಿ ವರ್ಷ ಆಕೆಯ ಉತ್ತರ ಬದಲಾಗುತ್ತಿತ್ತು. ಮಗ ಧೂಳಪ್ಪ ಹೋಗುವಾಗ ಬರುವಾಗ ಬಂದು ಎದುರಿಗೆ ಕೂತು, ಯಾವ ಕುರಿ ಈದಿತು, ಯಾವುದು ಸತ್ತಿತು ಎಂದು ಹೇಳಿ ಹೋದ ವರ್ಷ, ಮಗನ ಕೂಡ ಕಳಿಸಿಕೊಡಿರಿ, ಹಿಂಡಿನ ನಡುವೆ ಜೀವ ಹೋಗಲಿ ಎಂದು ಬರೆಸುವಳು. ಅವನು ಬೇರೆ ದಾರಿ ಹಿಡಿದು ಬಾರದೆ ಹೋದ ವರ್ಷ, ಅವನ ಕೈಗೆ ನನ್ನ ಹೆಣವನ್ನೂ ಕೊಡಬೇಡಿರಿ ಎನ್ನುವಳು. ನಾನು ಬೇಸತ್ತು, ಇದು ರಿಜಿಸ್ಟರೋ ಹವಾಮಾನದ ಪಂಚಾಂಗವೋ ಎಂದಿದ್ದೆ. ನೀವು ನಗಲಿಲ್ಲ. “ಅದಕ್ಕೇ ವರ್ಷವರ್ಷವೂ ಕೇಳುವುದು, ಸೋಮನಿಂಗಪ್ಪನವರೇ. ಮನಸ್ಸು ಬದಲಾಗುತ್ತಿರುವ ತನಕ ಮನುಷ್ಯ ಬದುಕಿದ್ದಾನೆ ಎಂದರ್ಥ,” ಎಂದಿರಿ.

ನಾವು ಬಂದದ್ದು ಅರವತ್ತಾರರಲ್ಲಿ. ನನ್ನ ಗೌರವ್ವನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು, ಬೆನ್ನಿಗೆ ಹುಣ್ಣಾಗಿತ್ತು. ಮಕ್ಕಳಿಲ್ಲ, ಬಳಗದವರು ಬಾಗಿಲಲ್ಲಿ ನಿಂತು ಲೊಚಗುಟ್ಟಿ ಹೋಗುವವರು. ನಾನೋ ಅಲ್ಲಿಯತನಕ ಒಂದು ತಂಬಿಗೆ ನೀರನ್ನೂ ಸ್ವಂತ ತುಂಬಿಕೊಂಡವನಲ್ಲ. ನೀವು ನನ್ನ ಎರಡೂ ಕೈ ಹಿಡಿದು, ಒಂದನ್ನು ಆಕೆಯ ಭುಜದ ಕೆಳಗೆ, ಇನ್ನೊಂದನ್ನು ಸೊಂಟದ ಕೆಳಗೆ ಇಡಿಸಿ, ಹೊರಳಿಸುವುದನ್ನು ಕಲಿಸಿದಿರಿ. ಆಕೆಯನ್ನು ತೊಳೆಯುವುದನ್ನು ಕಲಿಸಿದಿರಿ. ನಲವತ್ತು ವರ್ಷ ಸಂಸಾರ ಮಾಡಿದವಳ ಬೆನ್ನನ್ನು ನಾನು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ನಿಮ್ಮ ಈಸ್ಟರ್ ಹಬ್ಬದ ಮುಂಚಿನ ಗುರುವಾರ ನೀವು ನೆಲಕ್ಕೆ ಕೂತು ನಮ್ಮೆಲ್ಲರ ಪಾದ ತೊಳೆಯಲು ಬಂದಾಗ ನಾನು ಕಾಲು ಎಳೆದುಕೊಂಡಿದ್ದೆ. ನಮ್ಮಲ್ಲಿ ಜಂಗಮ ಅಯ್ಯನವರ ಪಾದವನ್ನು ನಾವು ತೊಳೆಯುತ್ತೇವೆಯೇ ಹೊರತು ಅವರು ನಮ್ಮದನ್ನು ತೊಳೆಯುವುದಿಲ್ಲ. ಬೀರವ್ವ ಆ ಮೂಲೆಯಿಂದ ಬೈದಿದ್ದಳು: “ಕೊಡೋ ಕಾರಕೂನಪ್ಪ, ಕಾಲ ಕೊಡೋ. ನೀ ಏನ್ ಕಳಕೊಳ್ತಿ, ಮಣ್ಣ ಹೋಗತೈತಿ ಅಷ್ಟ.”

ಆ ಬೀರವ್ವನೇ ಮೂರು ವರ್ಷ ನನ್ನ ಗೌರವ್ವನ ಹತ್ತಿರ ಕೂತು ಅವಳ ಸನ್ನೆಗಳಿಗೆಲ್ಲ ಅರ್ಥ ಹೇಳಿದವಳು. ನನಗೆ ತಿಳಿಯದ್ದು ಆಕೆಗೆ ತಿಳಿಯುತ್ತಿತ್ತು. ಗೌರವ್ವ ಹೋದ ದಿನ ಯಳವಿಯ ಅಯ್ಯನವರು ಕಿರಿಸ್ತಾನರ ಮನೆಗೆ ಬರಲಾರೆನೆಂದರು. ನೀವು ಬಿಸಿಲಲ್ಲಿ ರಿಜಿಸ್ಟರ್ ಕಂಕುಳಲ್ಲಿ ಇಟ್ಟುಕೊಂಡು ಯಳವಿಗೆ ಹೋಗಿ, ಆ ಪುಟ ತೆರೆದು ಅವರ ಮುಂದೆ ಹಿಡಿದಿರಿ. ಆಕೆ ಸನ್ನೆಯಲ್ಲಿ ಹೇಳಿದ್ದು, ಬೀರವ್ವ ಬಿಡಿಸಿ ಹೇಳಿದ್ದು, ನಾನು ಬರೆದದ್ದು: ಅಂಗೈಯಲ್ಲಿ ಲಿಂಗವಿಟ್ಟು, ಕೂಡಿಸಿ, ಅಯ್ಯನವರ ಕೈಯಿಂದ ಮಣ್ಣು. ಓದಿದ ಅಯ್ಯನವರು ಚಪ್ಪಲಿ ಮೆಟ್ಟಿಕೊಂಡು ಎದ್ದು ಬಂದರು. ಅವತ್ತಿನಿಂದ ಆ ರಿಜಿಸ್ಟರೆಂದರೆ ನನಗೆ ದೇವರ ಅಪ್ಪಣೆ. ನನ್ನ ಕೇಡು ಅಲ್ಲೇ ಸುರುವಾಯಿತು, ಅವ್ವಾರ.

ಎಪ್ಪತ್ನಾಲ್ಕರ ಬೇಸಗೆಯಲ್ಲಿ ನಿಮ್ಮ ವರ್ಗವಾಯಿತು. ಹೋಗುವಾಗ ರಿಜಿಸ್ಟರ್ ನನ್ನ ಕೈಗೆ ಕೊಟ್ಟು, ಕೇಳುವುದನ್ನು ಬಿಡಬೇಡಿ ಎಂದಿರಿ. ನವೆಂಬರ್ ಎರಡು ಬಂತು. ಸ್ಟೂಲ್ ಹಾಕಿಕೊಂಡು ಒಬ್ಬೊಬ್ಬರ ಮುಖ ನೋಡಿ ಆ ಪ್ರಶ್ನೆ ಕೇಳುವುದು ನನ್ನಿಂದ ಆಗಲಿಲ್ಲ. ನಾಚಿಕೆಯೋ, ಸೋಮಾರಿತನವೋ, ಉತ್ತರ ಕೇಳುವ ಹೆದರಿಕೆಯೋ. ಹೋದ ವರ್ಷದ ಉತ್ತರವೇ ಇದೆಯಲ್ಲ ಎಂದುಕೊಂಡೆ. ಕಚೇರಿಯ ರೂಢಿ ಕೈಯಲ್ಲಿತ್ತು. ಹದಿನಾಲ್ಕು ಹೆಸರುಗಳ ಮುಂದೆ ಮೇಲಿನಿಂದ ಕೆಳಗಿನವರೆಗೆ, ಹಿಂದಿನದೇ ಎಂಬರ್ಥಕ್ಕೆ, ‘ಡಿಟೊ, ಡಿಟೊ’ ಎಂದು ಬರೆದು ಸಹಿ ಮಾಡಿದೆ. ಎಪ್ಪತ್ತೈದರಲ್ಲೂ ಅದನ್ನೇ ಮಾಡಿದೆ. ಅರ್ಧ ತಾಸಿನ ಕೆಲಸವೂ ಆಗಲಿಲ್ಲ.

ಕಳೆದ ವರ್ಷ ಹದಿನೈದು ದಿನ ಬಿಟ್ಟು ಧೂಳಪ್ಪ ಬಂದ. ಬೀರವ್ವನ ಮಾತು ಆ ಮಳೆಗಾಲದಲ್ಲೇ ಬಿದ್ದುಹೋಗಿತ್ತು. ಅವನು ಕುದುರೆಯ ಬೆನ್ನಿಗೆ ಎರಡು ಕಂಬಳಿ ಮಡಚಿ ಹಾಸಿಕೊಂಡು ಬಂದಿದ್ದ. ಅವ್ವನ್ನ ಕರಕೊಂಡು ಹೋಗ್ತೀನ್ರಿ, ಹಾದ್ಯಾಗ ಹ್ವಾದ್ರೂ ನಮ್ಮೊಳಗ ಹೋಗ್ಲಿ ಎಂದ. ಹೊಸ ಸಿಸ್ಟರಿಗೆ ಆಕೆಯ ವಿಷಯ ಏನೂ ತಿಳಿಯದು. ಮರಾಠಿಯಲ್ಲಿ ನನ್ನನ್ನು ಕೇಳಿದರು, ರಿಜಿಸ್ಟರಿನಲ್ಲಿ ಏನಿದೆ? ನಾನು ಕನ್ನಡಕ ಏರಿಸಿ ಓದಿದೆ. ಎಪ್ಪತ್ತೈದು ಡಿಟೊ, ಎಪ್ಪತ್ನಾಲ್ಕು ಡಿಟೊ, ಎಪ್ಪತ್ಮೂರು: ‘ಮಗನ ಕೈಗೆ ನನ್ನನ್ನು ಕೊಡಬಾರದು.’ ಎಪ್ಪತ್ಮೂರು ಅವನು ಬಾರದೆ ಹೋಗಿದ್ದ ವರ್ಷ. ಅದು ಸಿಟ್ಟಿನ ಉತ್ತರವೆಂದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.

ನಾನು ಓದುವಾಗ ಬೀರವ್ವ ಮಗನ ಕಂಬಳಿಯ ಅಂಚು ಹಿಡಿದುಕೊಂಡಿದ್ದಳು, ಅವ್ವಾರ. ಗೌರವ್ವನ ಸನ್ನೆಗಳನ್ನು ನನಗೆ ಬಿಡಿಸಿ ಹೇಳಿದ ಅದೇ ಕೈ. ಅದನ್ನು ಬಿಡಿಸಿ ಹೇಳಲು ಅಲ್ಲಿ ಯಾರೂ ಬೇಕಿರಲಿಲ್ಲ. ಧೂಳಪ್ಪ ಅಕ್ಷರ ಬಾರದವನು, ಬರಹಕ್ಕೆ ಅಂಜುವವನು. ಎದ್ದ. ಆಕೆ ಬಿಡಲಿಲ್ಲ. ಬೆರಳು ಒಂದೊಂದಾಗಿ ಸಡಿಲಿಸಿದವನು ನಾನು.

ಯಾಕೆಂದು ನಿಮಗಾದರೂ ಹೇಳಬೇಕು. ಬರೆದದ್ದು ಬರೆದದ್ದು ಎಂಬ ಕಾರಕೂನಿಕೆ ಒಂದು. ಇನ್ನೊಂದು, ಆಕೆ ಹೋದರೆ ಈ ಮನೆಯಲ್ಲಿ ನನ್ನ ಗೌರವ್ವನನ್ನು ಕಂಡವರು ಯಾರೂ ಉಳಿಯುತ್ತಿರಲಿಲ್ಲ. ಮೊದಲನೆಯದು ದೊಡ್ಡದೋ ಎರಡನೆಯದೋ, ವರ್ಷವಿಡೀ ತೂಗಿ ನೋಡಿದರೂ ತಿಳಿಯಲಿಲ್ಲ.

ಪುಷ್ಯದಲ್ಲಿ ಬೀರವ್ವ ಹೋದಳು. ಹಣೆಗೆ ಆಕೆಯ ದೇವರು ಬೀರಪ್ಪನ ಅರಿಶಿನ ಭಂಡಾರ, ಸುತ್ತ ನಾವೆಲ್ಲ, ಕಣ್ಣು ಮುಚ್ಚಿದ್ದು ಸಿಸ್ಟರ್. ಬರೆದಂತೆಯೇ ಎಲ್ಲ ನಡೆಯಿತು. ಕಡೆಯ ಎರಡು ತಿಂಗಳು ಆಕೆಯ ಕೈ ಹಾಸಿಗೆಯ ಅಂಚನ್ನು ತಡಕುತ್ತಲೇ ಇತ್ತು. ನಾನು ನನ್ನ ಬೆರಳು ಕೊಟ್ಟರೆ ದೂಡುವಳು.

ಜೂನಿನ ಮೃಗದ ಮಳೆಗೆ ಧೂಳಪ್ಪ ಮರಳಿ ಬಂದ. ಮತ್ತೆ ಅದೇ ಕುದುರೆ, ಅದೇ ಮಡಚಿದ ಕಂಬಳಿ. ಸುದ್ದಿ ಕೇಳಿ ಬೇವಿನ ಮರದ ಕೆಳಗೆ ಹೋಗಿ ಕೂತ. ಆಮೇಲೆ ನನ್ನನ್ನು ಕರೆದು ಒಂದೇ ಮಾತು ಕೇಳಿದ: “ಕಾರಕೂನರ, ಅವ್ವ ಖರೇನ ಹಂಗ ಬರಸಿದ್ಲೇನ್ರಿ?”

ಹೌದು ಎಂದೆ. ಕಾಗದದ ಮಟ್ಟಿಗೆ ಅದು ಸುಳ್ಳಲ್ಲ. ತನ್ನ ತಾಯಿಗೆ ತಾನು ಬೇಡವಾಗಿದ್ದೆ ಎಂಬುದನ್ನು ಹೊತ್ತುಕೊಂಡು ಆ ಮನುಷ್ಯ ತಿಕೋಂಡಿಯ ಕಡೆಗೆ ನಡೆದುಹೋದ. ಈ ದೀಪಾವಳಿಗೆ ಅವನು ಬಂದರೆ ಎಲ್ಲವನ್ನೂ ಹೇಳಿ ಕಾಲು ಹಿಡಿಯಬೇಕೆಂದು ದಿನಾ ರಸ್ತೆ ನೋಡಿದೆ. ಹಿಂಡು ಈ ಕಡೆ ಬರಲೇ ಇಲ್ಲ. ತಾಯಿ ಇಲ್ಲದ ಮೇಲೆ ಈ ದಾರಿ ಅವನಿಗೆ ಯಾಕೆ? ಬೇರೆ ದಾರಿ ಹಿಡಿದು ಎಂದೋ ದಾಟಿ ಹೋದನೆಂದು ಸಂತೆಗೆ ಬಂದ ತಿಕೋಂಡಿಯವರು ಹೇಳಿದರು. ಬರುವ ಮಾರ್ಚಿಗೆ ಈ ಮನೆಯೂ ಮುಚ್ಚುತ್ತದೆ, ನೋಡಿಕೊಳ್ಳಲು ಸಿಸ್ಟರ್‌ಗಳು ಸಾಲುವುದಿಲ್ಲವಂತೆ. ಉಳಿದ ನಾವು ನಾಲ್ವರು ಒಬ್ಬೊಬ್ಬರು ಒಂದೊಂದು ಕಡೆ. ಆಮೇಲೆ ಅವನು ಬಂದರೂ ಹೇಳುವವರಿರುವುದಿಲ್ಲ.

ಇವತ್ತು ಸ್ಟೂಲ್ ಹಾಕಿಕೊಂಡು ಮೂವರನ್ನೂ ಕೇಳಿದೆ. ಮೂವರದೂ ಉತ್ತರ ಬದಲಾಗಿತ್ತು. ಬರೆದುಕೊಂಡೆ. ಮಾರ್ಚಿನ ನಂತರ ಅದನ್ನು ಯಾರು ಓದುತ್ತಾರೆ ಎಂದು ಯಾರೂ ಕೇಳಲಿಲ್ಲ. ನನ್ನನ್ನು ಕೇಳುವವರು ಇರಲಿಲ್ಲ. ನನ್ನ ಸಾಲಿನಲ್ಲಿ, ಗೌರವ್ವನ ಪಕ್ಕದಲ್ಲಿ ಎಂದು ಮೊದಲು ಬರೆದದ್ದರ ಕೆಳಗೆ ಎರಡು ಡಿಟೊ ಇದ್ದವು. ಮೂರನೆಯದನ್ನು ಹಾಕಲಿಲ್ಲ.

ಆಗ ಮೊದಲ ಪುಟದಿಂದ ಕಡೆಯ ಪುಟದವರೆಗೆ ತಿರುವಿ ನೋಡಿದೆ, ಅವ್ವಾರ. ಹದಿಮೂರು ವರ್ಷ ನೀವು ಎಲ್ಲರನ್ನೂ ಕೇಳಿದಿರಿ. ನಿಮ್ಮನ್ನು ನಾವು ಯಾರೂ ಒಂದು ಸಲವೂ ಕೇಳಿಲ್ಲ. ನಿಮ್ಮ ಹೆಸರಿನ ಸಾಲೇ ಅದರಲ್ಲಿ ಇಲ್ಲ. ಇವತ್ತು ಒಂದು ಸಾಲು ಎಳೆದು, ನಿಮ್ಮ ಹೆಸರು ಬರೆದು, ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಇದನ್ನು ಓದಿ ಹೇಳುತ್ತಿರುವ ತಾಯಿ ಯಾರೇ ಇರಲಿ, ಒಂದು ಉಪಕಾರ ಮಾಡಿರಿ: ಒಂದು ಸ್ಟೂಲ್ ಹಾಕಿಕೊಂಡು, ಅವ್ವಾರ ಮುಖ ನೋಡಿ, ನನ್ನ ಪರವಾಗಿ ಕೇಳಿರಿ. ಉತ್ತರ ಬರದಿದ್ದರೆ ಕೈಯನ್ನು ನೋಡಿರಿ. ಅದು ಏನನ್ನು ಹಿಡಿದಿದೆಯೋ, ಅದನ್ನು ಬಿಡಿಸಬೇಡಿರಿ.

ಅವ್ವಾರ, ಹೋಗುವಾಗ ನಿಮಗೆ ಏನು ಬೇಕು?

ನೀವು ನಂಬಿದ ಯೇಸು, ನಾನು ಕೈಯಲ್ಲಿ ಹಿಡಿದ ಲಿಂಗ, ಬೀರವ್ವನ ಬೀರಪ್ಪ, ಮೂವರಲ್ಲಿ ಯಾರಿಗೆ ಬಿಡುವಿದೆಯೋ ಅವರು ಬಂದು ನಿಮ್ಮ ಪಕ್ಕದಲ್ಲಿ ಕೂಡ್ರಲಿ.

ಕೇಳದೆಯೇ ಬರೆದ ನಿಮ್ಮ ಕಾರಕೂನ,
ಸೋಮನಿಂಗಪ್ಪ